ಬೆಟ್ಟ ಕೆಳಗಿಳಿದ ನಕ್ಷೆ

“ಬೆಟ್ಟ ಎಲ್ಲಿ ಹೋಯ್ತು?”

ಶಿಮೊಸಾವಾ ರೈಲು ನಿಲ್ದಾಣದ ಟಿಕೆಟ್ ಯಂತ್ರಗಳ ಮುಂದೆ ನಿಂತ ಮುದುಕರೊಬ್ಬರು ತಲೆಯೆತ್ತಿ ಕೇಳಿದರು. ಪಕ್ಕದಲ್ಲಿ ಯಾರೂ ಇರಲಿಲ್ಲ. ಹಿಂದೆ ಸಾಲಿನಲ್ಲಿದ್ದವರು ತಮ್ಮನ್ನು ಕೇಳಿದ್ದಲ್ಲವೆಂದು ಸುಮ್ಮನಿದ್ದರು. ಮುದುಕರು ಟೋಪಿ ತೆಗೆದು, ಮತ್ತೆ ಹಾಕಿಕೊಂಡು, ಯಂತ್ರಗಳ ನೆತ್ತಿಯ ಮೇಲೆ ಹೊಸದಾಗಿ ಹೊಳೆಯುತ್ತಿದ್ದ ದರದ ನಕ್ಷೆಯನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ನೋಡಿದರು. ಕೊನೆಗೆ ಎಲ್ಲಕ್ಕಿಂತ ಕಡಿಮೆ ದರದ ಗುಂಡಿ ಒತ್ತಿ, ಟಿಕೆಟ್ ಹಿಡಿದು ಒಳಗೆ ಹೋದರು. ದರ ತಿಳಿಯದವರು ಹಾಗೆಯೇ ಮಾಡುವುದು. ಉಳಿದದ್ದನ್ನು ಇಳಿಯುವ ಕಡೆ ಕಟ್ಟಿದರಾಯಿತು.

ಪತ್ರಿಕೆ ಅಂಗಡಿಯ ಪಕ್ಕದ ಕಂಬಕ್ಕೆ ಒರಗಿ ಸಾವಾಕೊ ಇದನ್ನು ನೋಡುತ್ತಿದ್ದಳು. ಆ ನಕ್ಷೆಯನ್ನು ಬರೆದವಳು ಅವಳೇ. ಯಾವ ನಿಲ್ದಾಣದಲ್ಲಿ ತನ್ನ ಹೊಸ ನಕ್ಷೆ ಏರಿದರೂ ಮೊದಲ ದಿನ ಬೆಳಿಗ್ಗೆ ಹೋಗಿ ಮರೆಯಲ್ಲಿ ನಿಂತು ಜನರ ಮುಖ ನೋಡುವುದು ಅವಳ ರೂಢಿ. ಜನ ಕತ್ತೆತ್ತಿ, ಕಣ್ಣು ಒಮ್ಮೆ ಓಡಾಡಿಸಿ, ಕೈ ಗುಂಡಿಯ ಕಡೆ ಹೋದರೆ ನಕ್ಷೆ ಸರಿಯಿದೆ. ಕಣ್ಣು ಅಲ್ಲೇ ಅಲೆದಾಡಿದರೆ ಎಲ್ಲೋ ತಪ್ಪಿದೆ. ಆ ದಿನ ಕಣ್ಣುಗಳು ಸ್ವಲ್ಪ ಹೆಚ್ಚೇ ಅಲೆದಾಡುತ್ತಿದ್ದವು. ಹೊಸದಲ್ಲವೇ, ಒಂದು ವಾರ ಹೋದರೆ ಒಗ್ಗುತ್ತದೆ ಎಂದುಕೊಂಡು ಅವಳು ಕಚೇರಿಯ ದಾರಿ ಹಿಡಿದಳು. ಆದರೆ ಮುದುಕರ ಮಾತು ಕಿವಿಯಿಂದ ಇಳಿಯಲಿಲ್ಲ.

ನಮ್ಮ ಕೋಬೆಯಲ್ಲಿ ಉತ್ತರ ದಕ್ಷಿಣ ಎನ್ನುವವರಿಲ್ಲ. ಬೆಟ್ಟದ ಕಡೆ, ಕಡಲ ಕಡೆ, ಅಷ್ಟೇ. ಊರು ಇವೆರಡರ ನಡುವೆ ನಡುಪಟ್ಟಿಯ ಹಾಗೆ ಬಿಗಿದುಕೊಂಡಿದೆ. ರೊಟ್ಟಿ ಅಂಗಡಿಯವನು ಬೆಟ್ಟದ ಕಡೆಯ ಮೂಲೆಯಲ್ಲಿದ್ದಾನೆ. ದೊಡ್ಡ ಜವಳಿ ಅಂಗಡಿಯ ಒಳಗೂ ಕಡಲ ಕಡೆಯ ಬಾಗಿಲು ಎಂದು ಬರೆದಿರುತ್ತಾರೆ. ಮಗುವಿಗೆ ಬಲಗೈ ಎಡಗೈ ತಿಳಿಯುವ ಮುಂಚೆ ಬೆಟ್ಟ ಯಾವ ಕಡೆ ಎಂದು ತಿಳಿದಿರುತ್ತದೆ. ಬೇರೆ ಊರಿಗೆ ಹೋದರೆ ನಮಗೆ ಮೊದಲು ಆಗುವುದು ಹಸಿವಲ್ಲ, ದಿಗಿಲು. ಸುತ್ತ ಎಲ್ಲೂ ಬೆಟ್ಟ ಕಾಣುವುದಿಲ್ಲ.

ಸಾವಾಕೊ ಕೆಲಸಕ್ಕೆ ಸೇರಿದಾಗ ಕಚೇರಿಯ ಅಟ್ಟದಲ್ಲಿ ಹಳೆಯ ತಗಡಿನ ದರಫಲಕಗಳು ಇನ್ನೂ ಇದ್ದವು. ಯುದ್ಧಕ್ಕೆ ಮುಂಚಿನವು. ಅವುಗಳಲ್ಲಿ ಕಡಲಂಚು ನಿಜವಾಗಿಯೇ ಬಳುಕಿತ್ತು. ಬೆಟ್ಟದ ಮೇಲೆ ಪೈನ್ ಮರಗಳು, ಗುಡಿಗಳಿಗೆ ಚಿಕ್ಕ ಮಾಡು, ಕಡಲಲ್ಲಿ ಹಾಯಿದೋಣಿ. ಈ ಚೆಲುವಿನ ಸಂದಿಯಲ್ಲಿ ದರಗಳು ನುಸುಳಿಕೊಂಡಿದ್ದವು. ಆಮೇಲೆ ನಿಲ್ದಾಣಗಳು ಹೆಚ್ಚಿದವು, ಮರಗಳು ಹೋದವು. ಇನ್ನೂ ಹೆಚ್ಚಿದವು, ಬಳುಕು ಹೋಯಿತು. ಗೆರೆಗಳು ನೆಟ್ಟಗಾದವು, ತಿರುವುಗಳೆಲ್ಲ ಒಂದೇ ಓರೆಗೆ ಬಂದವು. ಊರಿನ ಹೆಸರಿಗಿಂತ ದರದ ಅಂಕಿ ದಪ್ಪವಾಯಿತು. ಒಂದೊಂದು ನಿಲ್ದಾಣಕ್ಕೂ ಅದರದೇ ನಕ್ಷೆ ಬೇಕು. ನೋಡುವವನು ನಿಂತ ಜಾಗಕ್ಕೆ ಕೆಂಪು ಚೌಕ, ಅಲ್ಲಿಂದ ಮಿಕ್ಕೆಲ್ಲ ಊರಿಗೂ ಎಷ್ಟಾಗುತ್ತದೆ ಎಂಬ ಲೆಕ್ಕ. ಎಷ್ಟು ನಿಲ್ದಾಣವೋ ಅಷ್ಟು ಲೋಕ. ಪ್ರತಿ ಲೋಕದಲ್ಲೂ ನಡುವೆ ನೀನೇ. ಆದರೆ ಇಷ್ಟೆಲ್ಲ ಬದಲಾದರೂ ಒಂದು ಮಾತ್ರ ಬದಲಾಗಿರಲಿಲ್ಲ. ಬೆಟ್ಟ ಮೇಲೆ, ಕಡಲು ಕೆಳಗೆ.

ಆ ವರ್ಷ ಕಡಲಿಗೆ ಮಣ್ಣು ತುಂಬಿ ಮಾಡಿದ ಹೊಸ ದ್ವೀಪಕ್ಕೆ ರೈಲಿನ ಕವಲು ತೆರೆಯಿತು. ಸಾವಾಕೊ ಮನೆಯ ನಿಲ್ದಾಣ ಶಿಮೊಸಾವಾ ಎರಡು ಕವಲು ಕೂಡುವ ನಿಲ್ದಾಣವಾಯಿತು. ಬೆಟ್ಟದ ಕವಲು ಮೊದಲೇ ಇತ್ತು, ಹಸಿರು ಗೆರೆ, ತುದಿಯಲ್ಲಿ ತಾಕಿನೊಮೊತೊ. ಈಗ ಕಡಲ ಕವಲು, ನೀಲಿ ಗೆರೆ, ತುದಿಯಲ್ಲಿ ಓಕಿನೊಹಾಮಾ. ಯಂತ್ರಗಳ ಮೇಲೆ ಅಡ್ಡತೊಲೆ ತಗ್ಗು, ಫಲಕ ಎತ್ತರವಾಗುವಂತಿಲ್ಲ. ಕೆಳಭಾಗವನ್ನು ಬೇರೆ ಕಂಪನಿಗಳ ರೈಲಿನ ದರಗಳು ಆಗಲೇ ನುಂಗಿದ್ದವು. ಕಡಲ ಕವಲಿಗೆ ನಿಲ್ದಾಣ ಹೆಚ್ಚು, ಹೆಸರು ಉದ್ದ. ಬೆಟ್ಟದ ಕವಲು ಚಿಕ್ಕದು.

“ನೀಲೀನ ಮೇಲಕ್ಕೆ ಎತ್ತಿ, ಹಸಿರನ್ನ ಕೆಳಗೆ ಎಡಮೂಲೆಗೆ ಮಡಚಿಬಿಡಿ. ಮುಗೀತಲ್ಲ,” ಎಂದಿದ್ದರು ವಿಭಾಗದ ಮುಖ್ಯಸ್ಥ ಹಿಬಿನೊ. ನಗೋಯಾ ಕಡೆಯವರು. ಚಪ್ಪಟೆ ನೆಲದಲ್ಲಿ ಹುಟ್ಟಿದವರು.

“ಕಡಲನ್ನ ಮೇಲಕ್ಕಾ?”

“ಏನ್ರೀ, ಮೇಲೆ ಹಾಕಿದ್ರೆ ನೀರು ಸುರಿದುಬಿಡುತ್ತಾ? ಇದು ನೆಲದ ನಕ್ಷೆ ಅಲ್ಲ, ಗೆರೆ. ಯಾವುದಾದ ಮೇಲೆ ಯಾವುದು ಬರುತ್ತೆ ಅನ್ನೋದು ಸರಿಯಿದ್ರೆ ಸಾಕು. ನಿಮ್ಮೂರೋರನ್ನ ಸ್ವರ್ಗಕ್ಕೆ ಕರ್ಕೊಂಡು ಹೋದ್ರೂ ಬಾಗಿಲು ಬೆಟ್ಟದ ಕಡೆಗಾ ಕಡಲ ಕಡೆಗಾ ಅಂತ ಕೇಳ್ತೀರಿ.”

ಎಲ್ಲರೂ ನಕ್ಕಿದ್ದರು. ಸಾವಾಕೊ ಕೂಡ ನಕ್ಕಿದ್ದಳು. ಅವರು ಹೇಳಿದ್ದು ಸುಳ್ಳೇನೂ ಆಗಿರಲಿಲ್ಲ. ಅವಳು ಬರೆದಳು. ಬರೆಯುತ್ತಾ ಹೋದಂತೆ ಅದು ಚೆನ್ನಾಗಿಯೇ ಕೂತಿತು, ಎಲ್ಲೂ ಇರುಕಿಲ್ಲದೆ, ಗೆರೆ ಗೆರೆಗೆ ತಾಕದೆ. ಕಸುಬಿನವರಿಗೆ ಅದೊಂದು ಸುಖ.

ಆ ದಿನ ಮಧ್ಯಾಹ್ನದ ಊಟದ ಡಬ್ಬಿ ಮುಚ್ಚುವ ಹೊತ್ತಿಗೆ ಫೋನು ಬಂತು. ಆಗಿನ್ನೂ ಜನರ ಕಿಸೆಯಲ್ಲಿ ಫೋನು ಇರಲಿಲ್ಲ. ಕಚೇರಿಗೆ ಫೋನು ಬಂದರೆ ಒಂದೋ ಕೆಲಸ, ಇಲ್ಲವೇ ಕೇಡು.

“ಸಾವಾಕೊನಾ? ನಾನು ಕಿನುಯೊ, ತಾಕಿನೊಮೊತೊದಿಂದ.” ತಾಯಿ ಫುಮಿಯೆಯ ಗೆಳತಿ. ಹಿಂದೆ ಕೈಗಂಟೆಗಳ ಸದ್ದು ಕೇಳುತ್ತಿತ್ತು. “ಫುಮಿಯೆಗೆ ಹುಷಾರಿಲ್ವೇನೇ? ಇವತ್ತು ಬರ್ಲಿಲ್ಲ.”

“ಬರಲಿಲ್ವಾ?”

“ಒಂದು ಸುತ್ತು ಹಾಡು ಆಗೋಯ್ತು. ಮೀನು ಬೇಯ್ಸಿದೀನಿ, ತರ್ತೀನಿ ಅಂತ ನಿನ್ನೆ ಫೋನ್ ಮಾಡಿದ್ಲು. ಅವಳ ಮೀನು ನಂಬ್ಕೊಂಡು ನಾವ್ಯಾರೂ ವ್ಯಂಜನವೇ ತಂದಿಲ್ಲ. ಬರೀ ಅನ್ನ ಇಟ್ಕೊಂಡು ಕೂತಿದೀವಿ ನೋಡು.” ಕಿನುಯೊ ನಕ್ಕಳು. ಈ ಕಡೆಯಿಂದ ನಗು ಬಾರದ್ದನ್ನು ಕೇಳಿ ಅವಳ ದನಿ ಇಳಿಯಿತು. “ಯಾಕೇ... ಮನೇಲಿಲ್ವಾ?”

ಮನೆಯ ಫೋನು ಬಡಿದುಕೊಂಡೇ ಇತ್ತು. ಯಾರೂ ಎತ್ತಲಿಲ್ಲ. ಪಕ್ಕದ ಮನೆಯಾಕೆಗೆ ಮಾಡಿದರೆ, “ಬೆಳಿಗ್ಗೇನೇ ಹೊರಟ್ರಲ್ಲ, ಗಂಟು ಹಿಡ್ಕೊಂಡು. ಅರ್ಧ ಬೀದಿ ಶುಂಠಿ ವಾಸನೆ!” ಎಂದಳು.

ವಸಂತ ಕಣ್ಣುಬಿಡುವ ಆ ವಾರಗಳಲ್ಲಿ ನಮ್ಮೂರಿನ ಪ್ರತಿ ಮನೆಯಲ್ಲೂ ಎಳೆ ಇಕಾನಾಗೊ ಮೀನನ್ನು ಶುಂಠಿ, ಸಕ್ಕರೆ, ಸೋಯಾ ರಸದಲ್ಲಿ ಬತ್ತಿಸಿ ನೆಂಟರಿಷ್ಟರಿಗೆ ಹಂಚುತ್ತಾರೆ. ಫುಮಿಯೆ ಕಳೆದ ವರ್ಷದಿಂದ ಹಲವು ಮರೆತಿದ್ದರು. ಒಲೆ ಆರಿಸುವುದನ್ನು ಮರೆತಿದ್ದರು, ತೀರಿಹೋದ ಗಂಡನ ಹೆಸರನ್ನು ಒಂದು ಸಂಜೆಯೆಲ್ಲ ಹುಡುಕಿದ್ದರು. ಊರುಗಳ ಹೆಸರಂತೂ ಜರಡಿಯಲ್ಲಿ ಹಿಡಿದ ನೀರು. ಆದರೆ ಮೀನು ಬತ್ತಿಸುವ ಹದ ಕೈಯಲ್ಲಿತ್ತು, ಗುಡಿಯ ಹಾಡುಗಳು ನಾಲಿಗೆಯಲ್ಲಿದ್ದವು. ತಿಂಗಳಿಗೊಮ್ಮೆ ದಾಯ್ಶಿ ಗುರುಗಳ ದಿನ ತಾಕಿನೊಮೊತೊ ಗುಡಿಗೆ ಹೋಗಿ, ಕೈಗಂಟೆ ಆಡಿಸುತ್ತ ಗೆಳತಿಯರ ಜೊತೆ ಹಾಡಿ ಬರುವುದನ್ನು ಅವರು ಬಿಟ್ಟಿರಲಿಲ್ಲ.

ನಿಲ್ದಾಣದ ಹೆಸರು ನೆನಪಿರದವರು ಹೇಗೆ ಹೋಗುತ್ತಿದ್ದರು? ಸಾವಾಕೊ ಹೇಳಿಕೊಟ್ಟಿದ್ದಳು. “ಅಮ್ಮಾ, ಹೆಸರು ಬಿಡು. ಕೆಂಪು ಚೌಕ ನೋಡು. ಅಲ್ಲಿಂದ ಗೆರೆ ಹಿಡ್ಕೊಂಡು ಮೇಲಕ್ಕೆ ಹೋಗು, ಬೆಟ್ಟಕ್ಕೆ ಹತ್ತೋ ಹಾಗೆ. ತುದೀಲಿರೋ ಚೌಕದ ಮನೆ. ಅಲ್ಲಿ ಯಾವ ಅಂಕಿ ಇದೆಯೋ ಆ ಗುಂಡಿ. ಆ ಗೆರೆ ಯಾವ ಬಣ್ಣವೋ ಅದೇ ಬಣ್ಣ ನೆಲದ ಮೇಲೂ ಬಳಿದಿರ್ತಾರೆ, ಅದನ್ನೇ ಹಿಡಿದು ನಡಿ.” ತಾಯಿ ಅದನ್ನು ಹಾಡಿನ ಹಾಗೆ ಬಾಯಿಪಾಠ ಮಾಡಿದ್ದರು. ಕೆಂಪಿನಿಂದ ಮೇಲಕ್ಕೆ, ತುದಿಯ ಮನೆ, ಗೆರೆಯ ಬಣ್ಣ.

ಫೋನು ಇಟ್ಟ ಮೇಲೆ ಸಾವಾಕೊ ನಿಂತಲ್ಲೇ ನಿಂತಳು. ಗೋಡೆಯ ಮೇಲೆ ಶಿಮೊಸಾವಾದ ನಕ್ಷೆಯ ಪ್ರತಿ ಅಂಟಿಸಿತ್ತು. ಇಷ್ಟು ತಿಂಗಳು ಅದರ ಜೊತೆ ಇದ್ದವಳು ಅವಳು. ಈಗ ಮೊದಲ ಸಲ ತಾಯಿಯ ಕಣ್ಣಿನಿಂದ ನೋಡಿದಳು. ಕೆಂಪಿನಿಂದ ಮೇಲಕ್ಕೆ. ತುದಿಯ ಮನೆ.

ಓಕಿನೊಹಾಮಾ.

ಆಮೇಲೆ ಹಿಬಿನೊ ಏನೋ ಕೇಳಿದರು, ಅವಳೇನೋ ಹೇಳಿದಳು. ಏನೆಂದು ಅವಳಿಗೆ ತಿಳಿಯಲಿಲ್ಲ. ಕೋಟಿನ ಒಂದು ತೋಳು ಹಾಕಿಕೊಂಡು, ಇನ್ನೊಂದು ಜೋತುಬಿದ್ದ ಹಾಗೆಯೇ ಮೆಟ್ಟಿಲಿಳಿದಿದ್ದಳು.

ಶಿಮೊಸಾವಾದ ಟಿಕೆಟ್ ದ್ವಾರದಲ್ಲಿದ್ದವನು ತೊಕುನಾಗಾ, ತಾಯಿಯನ್ನು ಗುರುತಿಸುವವನು.

“ನಿಮ್ಮಮ್ಮಾನಾ? ಬೆಳಿಗ್ಗೆ ಹೋದ್ರಲ್ಲ. ವಾಸನೆಗೇ ಗೊತ್ತಾಯ್ತು. ‘ನಂಗೊಂದು ಡಬ್ಬಿ ಇಲ್ವಾ ಅಜ್ಜಿ’ ಅಂದ್ರೆ, ‘ಮದುವೆ ಆಗು, ಹೆಂಡ್ತಿ ಮಾಡ್ಕೊಡ್ತಾಳೆ’ ಅಂದ್ರು.”

“ಯಾವ ಕಡೆ ಹೋದರು? ಹಸಿರಾ, ನೀಲಿನಾ?”

ತೊಕುನಾಗಾನ ನಗು ಅರ್ಧಕ್ಕೆ ನಿಂತಿತು. “ಅದನ್ನ... ಇವತ್ತು ಮೊದಲ ದಿನ, ಜನ ಜಾಸ್ತಿ. ನೋಡ್ಲಿಲ್ಲ ಅಕ್ಕಾ.”

“ಓಕಿನೊಹಾಮಾಕ್ಕೆ ಫೋನ್ ಮಾಡಿ. ತುದಿ ನಿಲ್ದಾಣಕ್ಕೆ. ಬೇಗ.”

“ಬೆಳಗಿನ ಸಮಾರಂಭ ಮುಗಿದ ಮೇಲೆ ಅಲ್ಲಿ ಯಾರೂ ಇರಲ್ಲ. ಬರೀ ಯಂತ್ರ. ಇನ್ನೂ ಮನೆಗಳೇ ಎದ್ದಿಲ್ವಲ್ಲ, ಉಗ್ರಾಣ ಬಿಟ್ರೆ...” ಅವನು ಹೇಳುತ್ತಲೇ ಫೋನು ತಿರುಗಿಸಿದ. ಇಬ್ಬರೂ ಕಾದರು. ಆ ತುದಿಯಲ್ಲಿ ಬೀಗ ಹಾಕಿದ ಕೋಣೆಯೊಂದರಲ್ಲಿ ಗಂಟೆ ಬಡಿದುಕೊಳ್ಳುತ್ತಲೇ ಇತ್ತು. “ನಡುವಿನ ನಿಲ್ದಾಣಗಳಿಗೆಲ್ಲ ತಿಳಿಸ್ತೀನಿ. ಪೊಲೀಸಿಗೂ ಹೇಳ್ತೀನಿ. ನೀವು ಹೋಗಿ. ಗಾಡಿ ನಿಂತಿದೆ.”

ಯಂತ್ರದ ಮುಂದೆ ನಿಂತಾಗ ನಾಣ್ಯ ಕೆಳಗೆ ಬಿತ್ತು. ಬಗ್ಗಿ ಹುಡುಕಲಿಲ್ಲ. ತಲೆಯ ಮೇಲೆ ಅವಳ ನಕ್ಷೆ ಬೆಳಗುತ್ತಿತ್ತು, ಚೊಕ್ಕವಾಗಿ, ಒಂದು ಗೆರೆಯೂ ಇನ್ನೊಂದಕ್ಕೆ ತಾಕದೆ. ಅವಳಿಗೆ ಅದನ್ನು ನೋಡಲು ಭಯವಾಯಿತು.

ಗಾಡಿಯಲ್ಲಿ ಹೊಸ ಬಣ್ಣದ ವಾಸನೆ. ಮೊದಲ ನಿಲ್ದಾಣಗಳಲ್ಲಿ ಜನ ಇಳಿದರು. ಆಮೇಲೆ ಬೋಗಿಯಲ್ಲಿ ಅವಳು ಮತ್ತು ಉದ್ದಕ್ಕೂ ಒಟ್ಟಿಗೆ ತೂಗುವ ಹಿಡಿಬಳೆಗಳು. ಸೇತುವೆ ಬಂತು. ಎರಡೂ ಕಡೆ ನೀರು, ಸೀಸದ ಬಣ್ಣ. ನೀರಿನ ಮೇಲೆ ತೇಲುವ ಕಪ್ಪನೆಯ ಏನನ್ನು ಕಂಡರೂ ಅವಳ ಕಣ್ಣು ಅಲ್ಲಿಗೆ ನೆಗೆಯುತ್ತಿತ್ತು. ಹಡಗಿಗೆ ದಾರಿ ತೋರುವ ಬೋಯಾ. ಹಲಗೆ. ಹಕ್ಕಿ. ಮತ್ತೆ ಬೋಯಾ. ಅವಳು ಕಿಟಕಿಯಿಂದ ಮುಖ ತಿರುಗಿಸಿ ಮಡಿಲಲ್ಲಿ ಕೈ ಜೋಡಿಸಿದಳು. ತಾಯಿಯ ಹಾಗೆ ಅವಳಿಗೆ ಹಾಡು ಪೂರ್ತಿ ಬಾರದು. ಚಿಕ್ಕಂದಿನಲ್ಲಿ ಗುಡಿಯ ಚಾಪೆಯ ಮೇಲೆ ನಿದ್ದೆಗಣ್ಣಲ್ಲಿ ಕೇಳಿದ ಎರಡೇ ಸಾಲು ಬಂದವು:

ಕಾಲು ಸೋತರೆ ಕೋಲು ನೀನು,
ಕೋಲು ಸೋತರೆ ದಾರಿ ನೀನು.

ಮೂರನೆಯ ಸಾಲು ಬರಲಿಲ್ಲ. ದಾರಿ ಸೋತರೆ? ದಾರಿಯೇ ತಪ್ಪಿಸಿದರೆ ಏನೆನ್ನುತ್ತದೆ ಹಾಡು? ಅವಳು ಮತ್ತೆ ಮೊದಲಿಂದ ಹಿಡಿದಳು, ಮತ್ತೆ ಅಲ್ಲಿಯೇ ತುಂಡಾಯಿತು.

ಓಕಿನೊಹಾಮಾದಲ್ಲಿ ಬಾಗಿಲು ತೆರೆದ ಕೂಡಲೇ ಗಾಳಿ ನುಗ್ಗಿತು. ವೇದಿಕೆಯ ಕೊನೆಯ ಬೆಂಚಿನ ಮೇಲೆ ನೇರಳೆ ಬಟ್ಟೆಯ ಗಂಟು ಇತ್ತು. ತಾಯಿಯ ಗಂಟು ಹಾಕುವ ರೀತಿ, ಎರಡು ಕಿವಿ ಒಂದೇ ಉದ್ದ. ಸಾವಾಕೊ ಅದನ್ನು ಮುಟ್ಟಿದಳು. ಡಬ್ಬಿ ತಣ್ಣಗಿತ್ತು. ಶುಂಠಿಯ ವಾಸನೆ ಬಂತು. ತಾಯಿ ಗಂಟನ್ನು ಎಲ್ಲಿಯೂ ಬಿಡುವವರಲ್ಲ. ಕೊಡಬೇಕಾದ್ದನ್ನು ಕೊಡದೆ ಕೈಯಿಂದ ಇಳಿಸುವವರಲ್ಲ.

“ಅಮ್ಮಾ!”

ಸಿಮೆಂಟಿನ ಮಾಡು ದನಿಯನ್ನು ಹಿಂದಕ್ಕೆ ಎಸೆಯಿತು. ಶೌಚಾಲಯ ನೋಡಿದಳು. ಬೀಗ ಹಾಕಿದ ಕೋಣೆಯ ಗಾಜಿಗೆ ಮುಖವೊತ್ತಿ ನೋಡಿದಳು. ದ್ವಾರದ ಆಚೆ, ಬೆಂಚಿನಿಂದಲೂ ಕಾಣುವ ಹಾಗೆ, ಟಿಕೆಟ್ ಯಂತ್ರದ ಮೇಲೆ ಈ ನಿಲ್ದಾಣದ ನಕ್ಷೆಯಿತ್ತು; ಅದೂ ಅವಳ ಕೈಯದೇ. ಅದರಲ್ಲಿ ಕೆಂಪು ಚೌಕ ಎಲ್ಲಕ್ಕಿಂತ ಮೇಲೆ, ನೆತ್ತಿಯಲ್ಲಿ ಕೂತಿತ್ತು. ನೀನು ತುದಿ ಹತ್ತಿದೆ ಎನ್ನುವಂತೆ.

ಹೊರಗೆ ಅಗಲವಾದ ರಸ್ತೆ, ಮರವಿಲ್ಲ, ಮನೆಯಿಲ್ಲ. ಕಿಟಕಿಯಿಲ್ಲದ ಉಗ್ರಾಣಗಳು. ದೂರದಲ್ಲಿ ಭಾರ ಎತ್ತುವ ಯಂತ್ರಗಳು ಕತ್ತು ಚಾಚಿ ನಿಂತಿದ್ದವು. ಒಂದು ಲಾರಿಯ ನೆರಳಲ್ಲಿ ಗಟ್ಟಿ ಟೋಪಿಯವನೊಬ್ಬ ಅನ್ನದುಂಡೆ ತಿನ್ನುತ್ತಿದ್ದ. ಸಾವಾಕೊ ಅವನ ಮುಂದೆ ಹೋಗಿ ನಿಂತು, “ಒಬ್ಬ ಅಜ್ಜಿ ಈ ಕಡೆ ಬಂದ್ರಾ?” ಎಂದಳು.

“ಓ, ಆ ಅಜ್ಜಿನಾ?” ಎಂದ ಅವನು. “ಬಂದಿದ್ರು. ಬೆಟ್ಟಕ್ಕೆ ಯಾವ ಕಡೆ ಅಪ್ಪಾ ಅಂದ್ರು. ತಮಾಷೆ ಮಾಡ್ತಿದಾರೆ ಅನ್ಕೊಂಡೆ. ಅಗೋ, ಅಷ್ಟು ದೊಡ್ಡದು ಕಾಣಲ್ವಾ, ಮೂಗಿನ ನೇರಕ್ಕೆ ಹೋಗಿ ಅಂದೆ. ನಮಸ್ಕಾರ ಮಾಡಿ ಹೋದ್ರು. ಭಾಳ ಮರ್ಯಾದಸ್ತರು.”

ಅವನು ಕೈ ತೋರಿಸಿದ ಕಡೆ ಸಾವಾಕೊ ನೋಡಿದಳು. ಬೆಟ್ಟವಿತ್ತು. ಮಧ್ಯಾಹ್ನದ ಬಿಸಿಲಲ್ಲಿ ಇಡೀ ಬೆಟ್ಟಸಾಲು ತೆರೆದುಕೊಂಡು, ಕೈಚಾಚಿದರೆ ಸಿಗುವಷ್ಟು ಹತ್ತಿರ ಕಾಣುತ್ತಿತ್ತು. ಅದರ ಬುಡಕ್ಕೆ ಊರು. ಊರಿಗೂ ಈ ನೆಲಕ್ಕೂ ನಡುವೆ, ಉಗ್ರಾಣಗಳ ಮರೆಯಲ್ಲಿ...

“ಮೂಗಿನ ನೇರಕ್ಕೆ ಕಡಲಿದೆಯಲ್ರೀ!”

ಅವನ ದವಡೆ ಅಲುಗಾಡುವುದು ನಿಂತಿತು. ಅನ್ನದುಂಡೆಯನ್ನು ಲಾರಿಯ ಮೆಟ್ಟಿಲ ಮೇಲಿಟ್ಟು ಅವನೂ ಎದ್ದ. “ಯಾವಾಗ್ಲೋ ಹೋದ್ರು,” ಎಂದ, ತನಗೇ ಎಂಬಂತೆ. “ನಾನು ಒಂದು ಸರಕು ಇಳಿಸಿ ಬಂದೆ ಆಮೇಲೆ.”

ಇಬ್ಬರೂ ಓಡಿದರು. ಉಗ್ರಾಣಗಳ ನಡುವಿನ ಓಣಿ ಮುಗಿಯುವಂತೆ ಕಾಣಲಿಲ್ಲ. ಅದರ ಆ ತುದಿಯಲ್ಲಿ ಬೆಟ್ಟ ಒಂದು ಪಟ್ಟಿಯಂತೆ ನಿಂತಿತ್ತು. ಓಡಿದಷ್ಟೂ ಅದು ಹತ್ತಿರವೂ ಆಗದೆ ದೂರವೂ ಆಗದೆ ಹಾಗೆಯೇ ಇತ್ತು. ತಾಯಿ ಇದೇ ಓಣಿಯಲ್ಲಿ ನಡೆದಿದ್ದಾರೆ. ಬೆಟ್ಟ ನೋಡುತ್ತ ನಡೆದಿದ್ದಾರೆ, ಕಾಲ ಬುಡ ನೋಡಿಲ್ಲ. ಹುಟ್ಟಿದ ಲಾಗಾಯ್ತು ಬೆಟ್ಟದ ಕಡೆ ನಡೆದರೆ ನೆಲ ಏರುತ್ತದೆಯೇ ಹೊರತು ಮುಗಿಯುವುದಿಲ್ಲ ಎಂದು ನಂಬಿದ ಕಾಲುಗಳು. ನಮ್ಮೂರಿನ ಯಾರ ಕಾಲಾದರೂ ಅಷ್ಟೇ.

ಓಣಿ ಕಟ್ಟೆಯ ಮೇಲೆ ಬಿಚ್ಚಿಕೊಂಡಿತು. ಉದ್ದಾನುದ್ದ ಸಿಮೆಂಟಿನ ಅಂಚು, ತಡೆಗಂಬಿ ಇಲ್ಲ, ಕೆಳಗೆ ನೀರು ಗೋಡೆಗೆ ಚಪ್ಪಳಿಸುವ ಸದ್ದು. ಯಾರೂ ಇಲ್ಲ.

ಸಾವಾಕೊಗೆ ಅಂಚಿಗೆ ಹೋಗಿ ಬಗ್ಗಿ ನೋಡುವ ಧೈರ್ಯ ಬರಲಿಲ್ಲ. ಕಾಲುಗಳು ಎರಡು ಹೆಜ್ಜೆ ಹಿಂದೆಯೇ ನಿಂತುಬಿಟ್ಟವು. ಬಗ್ಗಿ ನೋಡಿದ್ದು ಲಾರಿಯವನು. ಅವನು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಆಮೇಲೆ ಬಲಕ್ಕೆ ಓಡತೊಡಗಿದ.

ದೋಣಿಗಳಿಗೆಂದು ಕಟ್ಟೆಯಿಂದ ನೀರಿಗೆ ಇಳಿಯುವ ಮೆಟ್ಟಿಲುಗಳಿದ್ದವು. ಅವುಗಳ ಬಾಯಲ್ಲಿ ಹಡಗಿನ ಹಗ್ಗ ಸುತ್ತುವ ಗಿಡ್ಡ ಕಬ್ಬಿಣದ ಗೂಟ. ಗೂಟಕ್ಕೆ ಎರಡೂ ತೋಳು ಸುತ್ತಿ, ಕೆನ್ನೆಯನ್ನು ಕಬ್ಬಿಣಕ್ಕೆ ಒತ್ತಿ ಫುಮಿಯೆ ಕೂತಿದ್ದರು. ಬಿಳಿಯ ಕಾಲುಚೀಲ ಕಣಕಾಲಿನವರೆಗೆ ಒದ್ದೆ. ಒಂದು ಚಪ್ಪಲಿ ಇರಲಿಲ್ಲ. ಕಣ್ಣು ಬೆಟ್ಟದ ಮೇಲಿತ್ತು.

“ಅಮ್ಮಾ.”

ತಾಯಿ ತಿರುಗಲಿಲ್ಲ. “ಕೈ ಬಿಡಲ್ಲ,” ಎಂದರು. “ಯಾರೇ ಬಂದ್ರೂ ಕೈ ಬಿಡಲ್ಲ ನಾನು.”

“ಅಮ್ಮಾ, ಸಾವಾಕೊ. ನಾನು.”

ಅವರು ಬಹಳ ಹೊತ್ತು ಮಗಳ ಮುಖ ನೋಡಿದರು. ತನ್ನ ಹೆಸರೂ ಜರಡಿಯಿಂದ ಸೋರಿಹೋಯಿತೇ ಎಂಬ ಭಯ ಸಾವಾಕೊಗೆ ಬಂತು; ಅದು ನೀರಿನ ಭಯಕ್ಕಿಂತ ಬೇರೆಯದು.

“ನಿನ್ನ ಕೋಟು ನೋಡು,” ಎಂದರು ತಾಯಿ ಕೊನೆಗೆ. “ಒಂದು ತೋಳು ಹಾಕ್ಕೊಂಡೇ ಇಲ್ಲ. ಶೀತ ಆಗುತ್ತೆ.”

ಲಾರಿಯವನು ಗೂಟದಿಂದ ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಬಿಡಿಸುತ್ತ, “ಕ್ಷಮಿಸಿ ಅಜ್ಜಿ, ನನ್ನ ಬಾಯಿಗೆ ಬೆಂಕಿ ಹಾಕ,” ಎನ್ನುತ್ತಲೇ ಇದ್ದ. ನಿಲ್ದಾಣದವರೆಗೆ ಬೆನ್ನ ಮೇಲೆ ಹೊತ್ತು ತಂದು, ಬೆಂಚಿನ ಮೇಲೆ ಕೂರಿಸಿ, ತನ್ನ ಬಿಸಿ ಚಹಾದ ಶೀಸೆ ಕೊಟ್ಟ. ತೊಕುನಾಗಾನಿಗೂ ಕಿನುಯೊಗೂ ಫೋನು ಮಾಡಿ ತಿಳಿಸುತ್ತೇನೆಂದು ಉಗ್ರಾಣದ ಕಡೆ ಹೋದ.

ಗಾಡಿ ಬರುವುದು ತಡವಿತ್ತು. ಸಾವಾಕೊ ತಾಯಿಯ ಒದ್ದೆ ಕಾಲುಚೀಲ ಕಳಚಿ, ಪಾದಗಳನ್ನು ತನ್ನ ಕೋಟಿನೊಳಗೆ ಸುತ್ತಿಕೊಂಡಳು.

“ಮೆಟ್ಟಿಲಿತ್ತು,” ಎಂದರು ತಾಯಿ. “ಗುಡಿಗೂ ಮೆಟ್ಟಿಲೇ ಅಲ್ವಾ. ಇಳಿಯೋ ಮೆಟ್ಟಿಲು ಯಾಕಿದೆ ಅನ್ನಿಸ್ತು. ಆದ್ರೂ ಬೆಟ್ಟ ಎದುರಿಗೇ ಇತ್ತಲ್ಲ, ಇಳಿದೆ. ಇಳೀತಾ ಇಳೀತಾ ಮೆಟ್ಟಿಲು ನೀರೊಳಗೆ ಹೋಗ್ತಾನೇ ಇತ್ತು.”

“ಸಾಕಮ್ಮಾ. ಹೇಳಬೇಡ.”

“ಹೇಳ್ತೀನಿ. ಮರ್ತುಹೋಗುತ್ತೆ ಆಮೇಲೆ.” ಅವರು ಚಹಾ ಗುಟುಕರಿಸಿದರು. “ಗಾಡಿ ಇಳಿದಾಗ್ಲೇ ಅನ್ನಿಸ್ತು, ಇದು ಅಲ್ಲ ಅಂತ. ಹಲಗೆ ನೋಡಿದೆ. ಕೆಂಪು ಚೌಕ ಮೇಲಿತ್ತು. ಸರಿ, ಮೇಲೇ ಬಂದಿದೀನಿ. ಆಚೆ ನೋಡಿದ್ರೆ ಕಡಲು. ಹಲಗೆ ತಪ್ಪು ಹೇಳಲ್ವಲ್ಲ. ಹಾಗಾದ್ರೆ ನಂದೇ... ಮುಗೀತು ಅಂತ. ಇಷ್ಟು ದಿನ ಚೂರು ಚೂರು ಹೋಗ್ತಿದ್ದದ್ದು ಇವತ್ತು ಪೂರ್ತಿ ಹೋಯ್ತು, ಬೆಟ್ಟ ಕಡಲು ಕೂಡ ಗೊತ್ತಾಗ್ತಿಲ್ಲ ನಂಗೆ ಅಂತ. ಈ ಗಂಟು ಯಾರಿಗೆ ಅಂತಾನೂ ತಿಳೀಲಿಲ್ಲ. ಅಲ್ಲೇ ಇಟ್ಟೆ. ನೀರಿಗೆ ಅಷ್ಟು ಹೆದರ್ಲಿಲ್ಲ ಕಣೇ. ಅದಕ್ಕೆ ಹೆದರ್ದೆ.”

“ನಿನ್ನ ತಲೆ ಸರಿಯಾಗಿದೆ ಅಮ್ಮಾ. ನೀನು ಸರಿಯಾಗೇ ಓದಿದೆ. ಹಲಗೇನೇ ತಿರುಗಿಸಿ ಬರೆದಿದೆ. ಬರೆದದ್ದು ನಾನು.”

“ನೀನಾ?” ತಾಯಿ ಅವಳತ್ತ ತಿರುಗಿದರು. “ನಾನು ಯಾರೋ ಟೋಕಿಯೋದವನು ಅನ್ಕೊಂಡೆ.”

ಸಾವಾಕೊಗೆ ನಗು ಬಂತು. ನಗುತ್ತಲೇ ತಾಯಿಯ ಪಾದಗಳ ಮೇಲೆ ಹಣೆಯಿಟ್ಟು ಅವಳು ಅತ್ತಳು. ತಾಯಿ ಅವಳ ಬೆನ್ನು ಸವರಲಿಲ್ಲ. ಬೆಂಚಿನ ಮೇಲಿದ್ದ ನೇರಳೆ ಗಂಟನ್ನು ಹತ್ತಿರಕ್ಕೆ ಎಳೆದುಕೊಂಡು, ಸಡಿಲಾಗಿದ್ದ ಕಿವಿಗಳನ್ನು ಮತ್ತೆ ಒಂದೇ ಉದ್ದ ಮಾಡಿ ಕಟ್ಟಿದರು.

“ಕಿನುಯೊಗೆ ಇದು,” ಎಂದರು. “ಈಗ ಗೊತ್ತಾಯ್ತು. ಇನ್ನೂ ಹಾಡ್ತಿರ್ತಾರಾ ಅವರು? ನಮ್ಮ ನಿಲ್ದಾಣದಲ್ಲಿ ಇಳಿದು ಹಸಿರು ಹತ್ತಿದ್ರೆ ಕೊನೇ ಹಾಡಿಗಾದ್ರೂ ಸಿಗ್ತೀನಿ.”

ಸಾವಾಕೊ ತಲೆಯೆತ್ತಿದಳು. ಒದ್ದೆ ಕಾಲುಚೀಲ ಅವಳ ಕೈಯಲ್ಲಿತ್ತು. ದೂರದಲ್ಲಿ ಸೇತುವೆಯ ಮೇಲೆ ಗಾಡಿ ಕಾಣಿಸಿಕೊಂಡಿತ್ತು, ಇನ್ನೂ ಸದ್ದಿಲ್ಲ. ನಾಳೆ ಕಚೇರಿಯಲ್ಲಿ ಹಿಬಿನೊ ಮುಂದೆ ಕೂತು ಹಲಗೆ ಇಳಿಸಿ ಎನ್ನಬೇಕು; ಇಳಿಸಲು ಎಷ್ಟು ಕಾಲ ಬೇಕೋ, ಇಳಿಸುವರೋ ಇಲ್ಲವೋ. ಅಲ್ಲಿಯವರೆಗೆ, ಆ ಮೇಲೂ, ಮುಂದಿನ ತಿಂಗಳೂ ಗುರುಗಳ ದಿನ ಬರುತ್ತದೆ. ಆ ದಿನ ಕಚೇರಿಯ ಫೋನು ಬಡಿದುಕೊಂಡರೆ ತಾನು ಹೇಗೆ ಎತ್ತುವುದು? ಈಗಲೇ, ಗಾಡಿ ಬರುವ ಮುಂಚೆಯೇ, ಇದನ್ನು ಮುಗಿಸಿಬಿಡಬೇಕೆಂದು ಅವಳಿಗೆ ಅನ್ನಿಸಿತು.

“ಅಮ್ಮಾ, ಒಂದು ಕೇಳ್ತೀನಿ. ಇಲ್ಲ ಅನ್ನಬೇಡ.”

“ಕೇಳು.”

“ಇನ್ಮೇಲೆ ಒಬ್ಬಳೇ ಹೋಗಬೇಡ. ನಂಗೆ ರಜಾ ಸಿಕ್ಕಿದ ದಿನ ನಾನೇ ಕರ್ಕೊಂಡು ಹೋಗ್ತೀನಿ. ಸಿಗದ ದಿನ ಮನೇಲೇ ಗಂಟೆ ಆಡಿಸಿ ಹಾಡು, ಗುರುಗಳಿಗೆ ಕೇಳ್ಸುತ್ತೆ. ಒಬ್ಬಳೇ ಗಾಡಿ ಹತ್ತಲ್ಲ ಅಂತ ಮಾತು ಕೊಡು.”

ತಾಯಿ ಗಂಟನ್ನು ಮಡಿಲಿಗೆ ತೆಗೆದುಕೊಂಡರು. ಹಳಿಗಳು ಸಣ್ಣಗೆ ಗುಂಯ್‌ಗುಡತೊಡಗಿದ್ದವು.

“ನನ್ನ ತಲೆ ಸರಿಯಾಗಿದೆ ಅಂತ ಈಗ ತಾನೇ ಅಂದೆ ನೀನು.”

“ಅಂದೆ. ಆದ್ರೂ. ನಂಗೆ ಭಯ ಅಮ್ಮಾ. ಇವತ್ತು ಆ ಕಟ್ಟೆ ಅಂಚಿಗೆ ಹೋಗಿ ಬಗ್ಗಿ ನೋಡಕ್ಕೆ ಆಗ್ಲಿಲ್ಲ ನಂಗೆ. ನನಗೋಸ್ಕರ. ಮಾತು ಕೊಡು.”

ಅವಳು ಅಂಗೈ ಚಾಚಿದಳು. ತಾಯಿ ಆ ಅಂಗೈಯನ್ನು ನೋಡಿದರು. ತಮ್ಮ ಎರಡೂ ಕೈಗಳನ್ನು ಗಂಟಿನ ಮೇಲೆ ಬಿಗಿಯಾಗಿ ಇಟ್ಟುಕೊಂಡರು.

“ಕೊಡಲ್ಲ,” ಎಂದರು.